ತೊಳೆದಿಟ್ಟ ಕ್ಯಾನ್

ದ್ವೀಪಕ್ಕೆ ದಾಟುವ ಹಲಗೆಯ ಮೇಲೆ ಕಾಲಿಟ್ಟ ಕ್ಷಣ ನನ್ನ ಕೈ ತಾನಾಗಿ ಸೆರಗು ಹುಡುಕಿತು. ಸೆರಗಿರಲಿಲ್ಲ. ಜಾಕೆಟ್ಟಿನ ತೋಳನ್ನೇ ಮೂಗಿಗೆ ಒತ್ತಿಕೊಂಡೆ. ಮುಂದೆ ನಡೆಯುತ್ತಿದ್ದ ಮೇಲ್ವಿಚಾರಕಿ ಹಿಂತಿರುಗಿ, ಸಂತೋಷದಿಂದ ಕೇಳಿದರು: "ನಿನ್ನ ಊರಿನ ವಾಸನೆ ಬರ್ತಾ ಇದೆಯಾ?"

ನನ್ನ ಊರು ಹಾಸನ. ಅಲ್ಲಿ ಇಂಥ ವಾಸನೆ ಬಂದರೆ ನಗರಸಭೆಗೆ ದೂರು ಕೊಡುತ್ತಾರೆ. ಆದರೆ ಕಾನ್ವೆಂಟಿನ ಸಿಸ್ಟರುಗಳು ಹತ್ತು ವರ್ಷ ಕಲಿಸಿದ ವಿನಯ ಅಷ್ಟು ಬೇಗ ಬಿಡುತ್ತದೆಯೇ? ನಕ್ಕು, "ಹೌದು, ಸ್ವಲ್ಪ" ಎಂದೆ.

ನಾರ್‌ಶೋಪಿಂಗ್ ಎಂಬ ಸ್ವೀಡನ್ನಿನ ಊರಿನ ಅಂಚಿನ ಹಳೆಯ ಗಾಜಿನ ಮನೆ ಅದು. ಹೊರಗೆ ಮಾರ್ಚ್ ತಿಂಗಳ ಬೂದು ಹಿಮ. ಒಳಗೆ ಇಪ್ಪತ್ತಾರು ಡಿಗ್ರಿ ಶಾಖ, ಕನ್ನಡಕ ಮಂಜಾಗುವಷ್ಟು ಹಬೆ. ನಡುವೆ ಮಣ್ಣು ಗುಡ್ಡೆ ಹಾಕಿ, ಸುತ್ತ ಮೊಣಕಾಲುದ್ದದ ನೀರಿನ ಕಾಲುವೆ ತೋಡಿ, ತೋಟಗಾರರ ಸಂಘವೊಂದು ಅದನ್ನು ಉಷ್ಣವಲಯದ ದ್ವೀಪವೆಂದು ಕರೆಯುತ್ತಿತ್ತು. ದಿಬ್ಬದ ಮೇಲೆ ಮೂರು ಪಪ್ಪಾಯಿ, ಎರಡು ಬಾಳೆ, ಒಂದು ನಿಂಬೆ, ಕುಂಡಗಳಲ್ಲಿ ಕರಿಬೇವು. ಇಳಿಜಾರಿನಲ್ಲಿ ಶುಂಠಿ, ಅರಿಸಿನ, ಮಜ್ಜಿಗೆಹುಲ್ಲು. ಕೆಳಗೆ ನೀರಿನ ಅಂಚಿಗೆ ಸೊಪ್ಪಿನ ಪಾತಿಗಳು.

ಸ್ವೀಡಿಷ್ ಕಲಿಸುವ ಶಾಲೆಯವರು ಹನ್ನೆರಡು ವಾರಗಳ ಕೆಲಸದ ತರಬೇತಿಗೆ ನನ್ನನ್ನು ಅಲ್ಲಿಗೆ ಕಳುಹಿಸಿದ್ದರು. ಮದುವೆಯಾದ ಮೇಲೆ ಮನೆಯಿಂದ ಹೊರಗೆ ನಾನು ಮಾಡಿದ ಮೊದಲ ಕೆಲಸ. ಮೂರನೆಯ ಪಾತಿ ನನ್ನದು. ಅದರಲ್ಲಿ ದಂಟು, ಬಸಳೆ, ಮೆಂತ್ಯ, ಕೊತ್ತಂಬರಿ ಬೆಳೆಸಬೇಕು. ಹತ್ತನೆಯ ವಾರದ ಗುರುವಾರ ನನ್ನ ಮಗಳ ಡಾಗಿಸ್, ಅಂದರೆ ಶಿಶುವಿಹಾರದ ಇಪ್ಪತ್ತೆರಡು ಮಕ್ಕಳು ಬಂದು ಆ ಸೊಪ್ಪನ್ನು ತಾವೇ ಕಿತ್ತು, ಅಲ್ಲೇ ಕೂತು ಊಟ ಮಾಡುತ್ತಾರೆ. ಬಿತ್ತುವುದರಿಂದ ಬಡಿಸುವವರೆಗೆ ಎಲ್ಲವೂ ನನ್ನ ಜವಾಬ್ದಾರಿ. ಅದು ಚೆನ್ನಾಗಿ ನಡೆದರೆ ಬೇಸಿಗೆಯ ಮೂರು ತಿಂಗಳು ಸಂಬಳದ ಕೆಲಸ ಕೊಡುವುದಾಗಿ ಹೇಳಿದ್ದರು.

ಬೆಳಗಿನ ಮೊದಲ ಕೆಲಸ ಚಿಪ್ಪಿಲ್ಲದ ಬಸವನಹುಳುಗಳನ್ನು ಕತ್ತರಿಯಿಂದ ಕತ್ತರಿಸುವುದು. ಅವು ದಾಟಿ ಬರಬಾರದೆಂದೇ ಕಾಲುವೆ ತೋಡಿದ್ದರಂತೆ. ಅವು ಹೊಸ ಕುಂಡಗಳ ತಳಕ್ಕೆ ಅಂಟಿಕೊಂಡು, ಹಲಗೆಯ ಮೇಲೆ, ನಮ್ಮ ಕೈಯಲ್ಲೇ ಬಂದವು. "ಸರಿಯಾಗಿ ಮಧ್ಯಕ್ಕೆ ಕತ್ತರಿಸು, ಅದಕ್ಕೆ ಗೊತ್ತೂ ಆಗಲ್ಲ" ಎಂದು ಮೇಲ್ವಿಚಾರಕಿ ತೋರಿಸಿಕೊಟ್ಟರು. ಕತ್ತರಿಯ ಎರಡೂ ಅಲಗಿಗೆ ಲೋಳೆ ಅಂಟಿ, ಬಾಯಿ ಬಿಡಿಸಿದರೆ ಬೆಂಡೆಕಾಯಿ ಕೊಯ್ದಂತೆ ನೂಲು ನೂಲಾಗಿ ಎಳೆಯುತ್ತಿತ್ತು. ಮೊದಲ ವಾರ ನಾನು ಅವನ್ನು ಹಳೆಯ ಚಮಚದಲ್ಲಿ ಎತ್ತಿ, ಮೊಸರಿನ ಡಬ್ಬಿಗೆ ತುಂಬಿ, ಹೊರಗೆ ಬಿಟ್ಟು ಬರುತ್ತಿದ್ದೆ. ಪಾಪ ತಪ್ಪಿತೆಂದುಕೊಂಡಿದ್ದೆ. ಹಿಮದ ಮೇಲೆ ಅವು ಎಷ್ಟು ಹೊತ್ತು ಸುರುಟಿಕೊಂಡು ಸಾಯುತ್ತವೆಂದು ಒಂದು ದಿನ ನಿಂತು ನೋಡಿದ ಮೇಲೆ ಕತ್ತರಿಯನ್ನೇ ಹಿಡಿದೆ. ನಮ್ಮ ಮನೆಯಲ್ಲಿ ಆಮೇಲೆ ಎರಡು ತಿಂಗಳು ಬೆಂಡೆಕಾಯಿ ಹುಳಿ ಮಾಡಲಿಲ್ಲ.

ಇನ್ನು ಪಪ್ಪಾಯಿ ಎಲೆಯ ಬೆನ್ನಿಗೆ ಹಿಟ್ಟು ತಿಗಣೆ. ದೂರದಿಂದ ಹತ್ತಿಯ ಉಂಡೆ. ಹಲ್ಲುಜ್ಜುವ ಬ್ರಷ್ಷಿಗೆ ಸೋಪುನೀರು ಹಚ್ಚಿ ಉಜ್ಜಿದರೆ ಆ ಬಿಳುಪಿನೊಳಗಿಂದ ರಸ ಒಸರುತ್ತದೆ. ಎಲೆಯಿಂದ ಕೆಳಗಿನ ಎಲೆಗೆ ಅವುಗಳ ಸಿಹಿ ಅಂಟು ತೊಟ್ಟಿಕ್ಕಿ, ಅದರ ಮೇಲೆ ಕಾಡಿಗೆಯಂತೆ ಬೂಷ್ಟು ಕೂತಿರುತ್ತಿತ್ತು. ದಿನಕ್ಕೆ ಹದಿನೈದು ಎಲೆ ಒರೆಸಬೇಕು. ಮೇಲೆ ನೋಡುತ್ತ ಒರೆಸುವಾಗ ಬಾಯಿ ಮುಚ್ಚಿಕೊಂಡಿರಬೇಕೆಂದು ನನಗೆ ಯಾರೂ ಮೊದಲೇ ಹೇಳಲಿಲ್ಲ.

ಇವನ್ನೆಲ್ಲ ಸಹಿಸಿದೆ. ಸಹಿಸಲಾಗದ್ದು ಕ್ಯಾನ್.

ಸ್ವೀಡನ್ನಿನ ತೋಟದವರಲ್ಲಿ ಒಂದು ರೂಢಿಯಿದೆ. ಮನೆಯವರ ಮೂತ್ರವನ್ನು ಕ್ಯಾನಿನಲ್ಲಿ ಸಂಗ್ರಹಿಸಿ, ಬಿಗಿಯಾಗಿ ಮುಚ್ಚಿ ಒಂದು ತಿಂಗಳು ಇಟ್ಟು, ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಗಿಡದ ಬುಡಕ್ಕೆ ಹಾಕುತ್ತಾರೆ. ಡಾಕ್ಟರು, ಮೇಷ್ಟ್ರು, ಬ್ಯಾಂಕಿನವರು ಎಲ್ಲರೂ ಮಾಡುತ್ತಾರೆ. ಫೀಕಾ ಸಮಯದಲ್ಲಿ, ಅಂದರೆ ಕಾಫಿ ವಿರಾಮದಲ್ಲಿ, ದಾಲ್ಚಿನ್ನಿ ಬನ್ನು ಕಚ್ಚುತ್ತಲೇ ಅದರ ಬಗ್ಗೆ ಮಾತಾಡುತ್ತಾರೆ. ಸಂಘದ ನಿಯಮ ಕಟ್ಟುನಿಟ್ಟು: ಅದು ಪಪ್ಪಾಯಿ, ಬಾಳೆ, ನಿಂಬೆಗೆ ಮಾತ್ರ, ಹದಿನೈದು ದಿನಕ್ಕೊಮ್ಮೆ ಶುಕ್ರವಾರ. ಸೊಪ್ಪಿನ ಪಾತಿಗೆ, ಅದೂ ಕೀಳುವ ಒಂದು ತಿಂಗಳ ಒಳಗೆ, ಒಂದು ಹನಿಯೂ ಬೀಳಕೂಡದು. ಸೊಪ್ಪಿಗೆ ಬೇರೆ ಗೊಬ್ಬರ. ಒಣಗಿಸಿಟ್ಟ ತುರಚೆ ಸೊಪ್ಪನ್ನು ನೀರಲ್ಲಿ ಕೊಳೆಸಿ, ತೆಳು ಮಾಡಿ, ಇನ್ನೊಂದು ಕ್ಯಾನಿನಲ್ಲಿ ಬಾಗಿಲ ಪಕ್ಕ ಇಡುತ್ತಿದ್ದರು. ಅದೂ ನಾರುತ್ತಿತ್ತು, ಆದರೆ ಎಷ್ಟೆಂದರೂ ಸೊಪ್ಪಿನ ನಾತ.

ಮೂತ್ರದ ಕ್ಯಾನ್ ಇರುತ್ತಿದ್ದದ್ದು ಒಳಗೋಡೆಯ ಬಳಿ, ಬೀಜ ಬಿತ್ತುವ ಮೇಜಿನ ಕೆಳಗೆ. ನಾನು ದಿನಕ್ಕೆ ನಾಲ್ಕು ಗಂಟೆ ಕೂರುತ್ತಿದ್ದದ್ದೂ ಅಲ್ಲೇ. ಕಾಲು ಚಾಚಿದರೆ ತಗುಲುತ್ತಿತ್ತು. ಬಿಳಿ ಪ್ಲಾಸ್ಟಿಕ್, ಹತ್ತು ಲೀಟರ್. ಕತ್ತಿನಿಂದ ಕೆಳಕ್ಕೆ ಒಣಗಿದ ಹಳದಿ ಧಾರೆ ಮೂರು. ಹಿಡಿಕೆಯ ಸಂದಿಯಲ್ಲಿ ಉಪ್ಪಿನಂತೆ ಗಟ್ಟಿಕಟ್ಟಿದ ಪುಡಿ. ಮೇಲೆ ಕಪ್ಪು ಪೆನ್ನಿನಲ್ಲಿ ಅದೇನು, ಯಾವ ದಿನ ಮುಚ್ಚಿದ್ದು ಎಂದು ಬರೆದಿರುತ್ತಿತ್ತು.

ಮನೆಯಲ್ಲಿ ಹೇಳಿಕೊಂಡರೆ ನನ್ನವರಿಗೆ ತಮಾಷೆ.

"ನಿಮ್ಮಜ್ಜಿ ಪಂಚಗವ್ಯ ಕೊಟ್ರೆ ಕಣ್ಣಿಗೊತ್ಕೊಂಡು ಕುಡೀತಿದ್ದೆ ಅಂತ ನೀನೇ ಹೇಳಿದ್ಯಲ್ಲ?"

"ರೀ, ಅದು ಹಸುವಿಂದು!"

"ಇದು ಹಸುವಿನ ಹಾಲು ಕುಡಿಯೋರ್ದು. ಒಂದೇ ಸ್ಟೆಪ್ ಆಚೆ."

"ನಿಮ್ಮ ಲಂಚ್ ಬಾಕ್ಸ್ ಅದರ ಪಕ್ಕ ಇಟ್ಕೊಂಡು ತಿನ್ನಿ, ಆಮೇಲೆ ಸ್ಟೆಪ್ ಎಣಿಸಿ."

ಒಂಬತ್ತನೆಯ ವಾರದ ಶುಕ್ರವಾರ ಮೆಂತ್ಯದ ಬೀಜ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದಾಗ ನನ್ನ ಜಡೆಯ ತುದಿ ಆ ಹಳದಿ ಧಾರೆಗೆ ತಾಗಿತು.

ಅಳು ಬರಲಿಲ್ಲ, ಸಿಟ್ಟು ಬಂತು. ಜಡೆಯನ್ನು ನಲ್ಲಿಯಡಿ ಸೋಪು ಹಾಕಿ ತಿಕ್ಕಿದೆ. ಆಮೇಲೆ ಎರಡು ಜೊತೆ ಕೈಗವಸು ಹಾಕಿಕೊಂಡು, ಕ್ಯಾನನ್ನು ಪ್ಲಾಸ್ಟಿಕ್ ಚೀಲದಿಂದ ಹಿಡಿದು, ಉಸಿರು ಬಿಗಿಹಿಡಿದು ಹೊರಗೆಳೆದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ನಾರು. ಒಂದಲ್ಲ, ಮೂರು ಸಲ ಉಜ್ಜಿದೆ. ಹಿಡಿಕೆಯ ಸಂದಿಗೆ ಹಿಟ್ಟು ತಿಗಣೆಯ ಬ್ರಷ್ಷು. ಹೊಸದರಂತೆ ಹೊಳೆಯಿತು. ಒಳಗಿದ್ದದ್ದು ಒಳಗೇ ಇತ್ತು, ತುಂಬಿದ ಕ್ಯಾನ್, ಮುಚ್ಚಳ ಬಿಗಿ. ಅದನ್ನು ಮತ್ತೆ ನನ್ನ ಕಾಲಡಿಗೆ ತಂದಿಡಲು ಮನಸ್ಸು ಒಪ್ಪಲಿಲ್ಲ. ನಮ್ಮ ಮನೆಗಳಲ್ಲಿ ಮೈಲಿಗೆಯದನ್ನು ಎಲ್ಲಿಡುತ್ತೇವೆ? ಹೊಸ್ತಿಲ ಹತ್ತಿರ, ಚಪ್ಪಲಿ ಬಿಡುವ ಕಡೆ. ಹಾಗೆಯೇ ಬಾಗಿಲ ಪಕ್ಕ ಇಟ್ಟು, ಕೈ ತೊಳೆದು, ಬಸ್ಸು ಹಿಡಿದೆ. ಆ ವಾರದಲ್ಲೇ ಅತ್ಯಂತ ಹಗುರವಾದ ಮನಸ್ಸಿನಿಂದ.

ಸೋಮವಾರ ಬೆಳಿಗ್ಗೆ ಮೂರನೆಯ ಪಾತಿ ಸುಟ್ಟಿತ್ತು.

ಬೆಂಕಿಯಲ್ಲಿ ಸುಟ್ಟಂತಲ್ಲ. ದಂಟಿನ ಎಲೆಗಳ ಅಂಚು ಕಾಫಿಪುಡಿಯ ಬಣ್ಣಕ್ಕೆ ತಿರುಗಿ ಒಳಮುಖವಾಗಿ ಸುರುಳಿಯಾಗಿತ್ತು. ಕೊತ್ತಂಬರಿ ಬಾಡಿ ಮಲಗಿತ್ತು. ಬಸಳೆ ಮಾತ್ರ ದಪ್ಪ ಎಲೆಯ ಧೈರ್ಯದಿಂದ ನಿಂತಿತ್ತು. ಬಗ್ಗಿ ಮೂಸಿದೆ. ಕಣ್ಣಲ್ಲಿ ನೀರು ಬಂತು. ಅರಸೀಕೆರೆ ಸ್ಟೇಷನ್ನಿನ ಪ್ಲಾಟ್‌ಫಾರಂ ಕೊನೆಯಲ್ಲಿ ಬರುವ ವಾಸನೆ.

ಬಾಗಿಲ ಬಳಿ ಓಡಿದೆ. ಎರಡು ಕ್ಯಾನ್‌ಗಳಿದ್ದವು. ತುರಚೆಯದು ತುಂಬಿತ್ತು. ನಾನು ತೊಳೆದದ್ದು ಖಾಲಿ. ತಿರುಗಿಸಿ ನೋಡಿದೆ: ಹೆಸರಿಲ್ಲ, ತಾರೀಖಿಲ್ಲ. ಮೂರು ಸಲ ಉಜ್ಜಿದ್ದೆನಲ್ಲ, ಕಪ್ಪು ಪೆನ್ನಿನ ಬರಹವೂ ಹೋಗಿತ್ತು. ಯಾರು ಯಾವ ಪಾತಿಗೆ ಏನು ಹಾಕಿದರೆಂದು ಬರೆಯುವ ಗೋಡೆಯ ಪುಸ್ತಕದಲ್ಲಿ, ಭಾನುವಾರದ ಸರದಿಗೆ ಬರುವ ಸಂಘದ ವಯಸ್ಸಾದ ಯಜಮಾನರೊಬ್ಬರು ತಮ್ಮ ಮುದ್ದಾದ ಅಕ್ಷರದಲ್ಲಿ ಬರೆದಿದ್ದರು: ಮೂರನೆಯ ಪಾತಿ, ತುರಚೆ ನೀರು, ಹತ್ತು ಲೀಟರ್.

ಆ ಯಜಮಾನರು ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅಲ್ಲಿನ ಹಬೆಗೆ ಮೂಗು ಸತ್ತುಹೋಗಿದೆ ಎಂದು ಅವರೇ ನಗುತ್ತ ಹೇಳುತ್ತಿದ್ದರು. ಬಾಗಿಲ ಪಕ್ಕದ ಕ್ಯಾನ್ ಅಂದರೆ ಸೊಪ್ಪಿನದು, ನೀರು ಬೆರೆಸಿಟ್ಟದ್ದು, ನೇರ ಸುರಿಯಬಹುದು. ಅದು ಎಲ್ಲರಿಗೂ ಗೊತ್ತಿದ್ದ ಏರ್ಪಾಡು. ನನಗೂ ಗೊತ್ತಿತ್ತು. ಆದರೆ ಶುಕ್ರವಾರ ನಾನು ನೋಡುತ್ತಿದ್ದದ್ದು ನನ್ನ ಜಡೆಯನ್ನು ಮಾತ್ರ.

ಆಗ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಖಾಲಿ ಕ್ಯಾನನ್ನು ಒಯ್ದು ಮೇಜಿನ ಕೆಳಗೆ, ಅದರ ಹಳೆಯ ಜಾಗದಲ್ಲಿ ಇಟ್ಟುಬಿಟ್ಟೆ.

ಮೇಲ್ವಿಚಾರಕಿ ಬಂದು ಪಾತಿ ನೋಡಿದರು. ನಾಲಿಗೆ ಲೊಚಗುಟ್ಟಿದರು. "ತುರಚೆ ನೀರು ಗಟ್ಟಿಯಾಗಿರಬೇಕು. ಪರವಾಗಿಲ್ಲ. ತುದಿ ಕತ್ತರಿಸಿ, ಚೆನ್ನಾಗಿ ತೊಳೆದರೆ ಗುರುವಾರಕ್ಕೆ ಸಾಕಾಗುತ್ತೆ."

ಪಪ್ಪಾಯಿಯ ಸರದಿ ಮುಂದಿನ ಶುಕ್ರವಾರ. ಅಲ್ಲಿಯವರೆಗೆ ಮೇಜಿನ ಕೆಳಗಿನ ಕ್ಯಾನನ್ನು ಯಾರೂ ಎತ್ತುವುದಿಲ್ಲ. ಮಕ್ಕಳು ಗುರುವಾರ ಉಂಡು ಹೋಗಿರುತ್ತಾರೆ. ನಾನು "ಸರಿ" ಎಂದೆ.

ಮನೆಯಲ್ಲಿ ಮಗಳು ಡಾಗಿಸ್‌ನಲ್ಲಿ ಬರೆದ ಚಿತ್ರ ತೋರಿಸಿದಳು. ದುಂಡನೆಯ ದ್ವೀಪ, ಸುತ್ತ ನೀಲಿ, ಅದರ ಮೇಲೆ ಇಪ್ಪತ್ತೆರಡು ತಲೆ. ತಾನು ಬಸಳೆ ಎಲೆಯನ್ನು ಹಸಿಯಾಗಿಯೇ ತಿನ್ನುತ್ತೇನೆಂದು ಸ್ವೀಡಿಷ್‌ನಲ್ಲಿ ಒಂದೇ ಉಸಿರಿಗೆ ಹೇಳಿದಳು. ಟೀಚರು ಹಾಗೆ ತಿನ್ನಬಹುದು ಅಂದಿದ್ದಾರಂತೆ.

ಅವಳು ಆಚೆ ಹೋದ ಮೇಲೆ ನನ್ನವರಿಗೆ ಎಲ್ಲವನ್ನೂ ಹೇಳಿದೆ. ಈ ಸಲ ಅವರು ತಮಾಷೆ ಮಾಡಲಿಲ್ಲ.

"ಚೆನ್ನಾಗಿ ತೊಳೆದು ಬೇಯಿಸಿದ್ರೆ ಏನೂ ಆಗಲ್ಲ ಅಲ್ವಾ? ಸೈಂಟಿಫಿಕ್ ಆಗಿ ನೋಡಿದ್ರೆ..."

"ನಿಮ್ಮ ತಟ್ಟೆಗೆ ಹಾಕಲಾ?"

"ಬೇಡ" ಎಂದರು. ಆಮೇಲೆ, "ನೋಡು, ಹೇಳಿದ್ರೆ ನಿನ್ನ ಬೇಸಿಗೆ ಕೆಲಸ ಹೋಗಬಹುದು. ಹೇಳದೇ ಇದ್ರೆ ಗುರುವಾರ ನೀನೇ ಬಡಿಸಬೇಕು. ನಿನ್ನಿಂದ ಆಗುತ್ತಾ?"

ಮಂಗಳವಾರ ಫೀಕಾಕ್ಕೆ ಭಾನುವಾರದ ಯಜಮಾನರೂ ಬಂದಿದ್ದರು. ಪಾತಿ ಸುಟ್ಟ ಸುದ್ದಿ ಅವರಿಗೆ ತಲುಪಿತ್ತು. ಕಾಫಿ ಮುಟ್ಟದೆ, ಗೋಡೆಯ ಸರದಿ ಪಟ್ಟಿಯ ಕೆಳಗೆ ನಿಂತು, ಮುಂದಿನ ಭಾನುವಾರಗಳಲ್ಲಿ ತಮ್ಮ ಹೆಸರನ್ನು ಒಂದೊಂದಾಗಿ ಅಳಿಸುತ್ತಿದ್ದರು. "ವಯಸ್ಸಾಯ್ತು. ಅಳತೆ ತಪ್ಪುತ್ತೆ. ಮಕ್ಕಳ ಊಟದ ವಿಷಯ" ಎಂದರು. ಅವರ ರಬ್ಬರಿನ ಪುಡಿ ನನ್ನ ಬನ್ನಿನ ತಟ್ಟೆಗೆ ಉದುರುತ್ತಿತ್ತು.

ಎದ್ದು ಹೋಗಿ ಖಾಲಿ ಕ್ಯಾನನ್ನು ತಂದು ಕಾಫಿ ಮೇಜಿನ ಪಕ್ಕ ನೆಲದ ಮೇಲೆ ಇಟ್ಟೆ. ರಾತ್ರಿಯೇ ಸ್ವೀಡಿಷ್ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ, ಎಲ್ಲ ಮರೆತುಹೋದವು. ಇದ್ದ ನಾಲ್ಕು ಮಾತಲ್ಲೇ ಹೇಳಿದೆ: "ತುರಚೆ ನೀರಲ್ಲ. ಇದು. ಶುಕ್ರವಾರ ನಾನು ತೊಳೆದೆ. ಹೆಸರು ಅಳಿಸಿತು. ಬಾಗಿಲ ಹತ್ತಿರ ನಾನೇ ಇಟ್ಟೆ. ನಿನ್ನೆ ಬಿತ್ತುವ ಮೇಜಿನ ಕೆಳಗೆ ವಾಪಸ್ ಇಟ್ಟವಳೂ ನಾನೇ. ಮಕ್ಕಳಿಗೆ ಆ ಸೊಪ್ಪು ಬೇಡ."

ಮೇಲ್ವಿಚಾರಕಿ ಕಪ್ಪನ್ನು ಕೆಳಗಿಟ್ಟರು. "ಯಾಕೆ ತೊಳೆದೆ?"

"ಹೇಸಿಗೆ ಆಯ್ತು."

"ಮೊದಲೇ ಯಾಕೆ ಹೇಳಲಿಲ್ಲ, ಹೇಸಿಗೆ ಆಗುತ್ತೆ ಅಂತ?"

ಒಂಬತ್ತು ವಾರ ನಗುತ್ತಲೇ ಇದ್ದೆನಲ್ಲ.

ಯಜಮಾನರು ಕನ್ನಡಕ ಏರಿಸಿ ಕ್ಯಾನನ್ನು ಸುತ್ತ ನೋಡಿದರು. "ಫೆಬ್ರವರಿಯ ಕ್ಯಾನ್ ಇದೇನಾ?" ಎಂದರು. ಮೇಲ್ವಿಚಾರಕಿ ತಲೆಯಾಡಿಸಿದರು. "ಹಾಗಾದರೆ ನನ್ನ ಮನೆಯದೇ. ನಂದನ್ನ ನಾನೇ ಸುರಿದಿದ್ದೀನಿ!" ಎಂದು ಅವರು ನಗಲು ತೊಡಗಿ, ಕೆಮ್ಮು ಬಂದು, ಕಾಫಿ ಕುಡಿದರು. ಇಷ್ಟು ದಿನ ಅದು ಯಾರದೋ ಆಗಿತ್ತು. ಈಗ ಎದುರಿಗೆ ಕೂತವರದು.

ತೀರ್ಮಾನ ಬೇಗ ಆಯಿತು. ಮೂರನೆಯ ಪಾತಿಯ ಎಲ್ಲ ಗಿಡ ಕಿತ್ತು, ಒಂದು ಗೇಣು ಮಣ್ಣು ತೆಗೆದು ಹೊರಗಿನ ಗೊಬ್ಬರದ ಗುಂಡಿಗೆ. ಅಷ್ಟಾದರೆ ಮುಗಿಯಿತೆಂದುಕೊಂಡಿದ್ದೆ. ಮೇಲ್ವಿಚಾರಕಿ ಕಾಲುವೆಯತ್ತ ಕೈ ತೋರಿಸಿದರು. ಪಾತಿಯ ನೀರು ಬಸಿಯುವುದು ಅಲ್ಲಿಗೆ. ಪಂಪು ನೀರೆತ್ತಿ ಉಳಿದ ಪಾತಿಗಳಿಗೆ ಹನಿಸುವುದೂ ಅಲ್ಲಿಂದಲೇ. ಕಾಲುವೆಯನ್ನೂ ಬರಿದು ಮಾಡಬೇಕು. ಅದನ್ನು ಕೊನೆಯ ಸಲ ಬರಿದು ಮಾಡಿದ್ದು ಯಾವಾಗೆಂದು ಯಾರಿಗೂ ನೆನಪಿರಲಿಲ್ಲ. ಯಾರನ್ನೂ ಕೇಳದೆ, "ನಾನು ಇಳೀತೀನಿ" ಎಂದೆ.

ಬುಧವಾರ ನನ್ನ ಗೆಳತಿ ಬರುವ ದಿನ. ಅವಳು ಹುಬ್ಬಳ್ಳಿಯವಳು, ಗಂಡ ಇಲ್ಲಿ ಎಂಜಿನಿಯರ್. ನನ್ನಂತೆಯೇ ತರಬೇತಿಗೆ ಬರುತ್ತಿದ್ದಳು. ತಲೆಯ ಸ್ಕಾರ್ಫಿನ ಮೇಲೊಂದು ಪ್ಲಾಸ್ಟಿಕ್ ಟೋಪಿ ಎಳೆದುಕೊಂಡು ಸನಿಕೆ ಹಿಡಿದಳು.

"ಅಕ್ಕಾ, ಒಂದು ಕ್ಯಾನ್ ತೊಳೀಲಿಕ್ಕೆ ಹೋಗಿ ಇಡೀ ದ್ವೀಪಾನೇ ತೊಳಿಯೋ ಹಂಗ ಮಾಡ್ಕೊಂಡ್ರಿ."

"ಸುಮ್ನೆ ಅಗಿ ಮಾರಾಯ್ತಿ."

"ಅಗೀತೀನಿ. ಆದ್ರ ನೀವು ಆ ಮುಖ ಮಾಡಬ್ಯಾಡ್ರಿ. ನಿಮ್ಮ ಮುಖ ನೋಡಿ ನನಗ ಎರಡು ಪಟ್ಟು ವಾಸನಿ ಬರ್ತದ."

ಹನ್ನೊಂದು ಕೈಗಾಡಿ ಮಣ್ಣು. ಬಸಳೆಯನ್ನು ಬೇರು ಸಮೇತ ಎಳೆಯುವಾಗ ಒಂದು ಕ್ಷಣ ಕೈ ತಡೆಯಿತು. ಬೀಜದಿಂದ ನಾನೇ ಎಬ್ಬಿಸಿದ್ದು. ಆಮೇಲೆ ಎದೆಯವರೆಗಿನ ರಬ್ಬರ್ ಪೋಷಾಕು ಹಾಕಿಕೊಂಡು ಕಾಲುವೆಗಿಳಿದೆ. ಪಂಪು ನೀರನ್ನೆಲ್ಲ ಚರಂಡಿಗೆ ಹೊರಹಾಕಿತು, ಕೆಸರನ್ನು ಎತ್ತಲಿಲ್ಲ. ಕೆಸರನ್ನು ಬಕೀಟಿನಲ್ಲಿ ತೋಡಬೇಕು. ಕಪ್ಪು, ದೋಸೆಹಿಟ್ಟಿನ ಹದ. ಸನಿಕೆ ಹಾಕಿದಲ್ಲೆಲ್ಲ ಗುಳ್ಳೆ ಎದ್ದು ಒಡೆದು ಕೊಳೆತ ಮೊಟ್ಟೆಯ ನಾತ. ಕೊಳೆತ ಬಾಳೆದಿಂಡು, ಒಂದು ಮಗುವಿನ ಕಾಲುಚೀಲ, ಜಿರಲೆಗಳ ರೆಕ್ಕೆ, ಹಲಗೆಯ ಅಡಿಯಲ್ಲಿ ಸಬ್ಬಕ್ಕಿ ಪಾಯಸದಂತೆ ಗೊಂಚಲು ಗೊಂಚಲಾಗಿ ಬಸವನಹುಳುವಿನ ಮೊಟ್ಟೆ. ಅವನ್ನು ಬೊಗಸೆಯಲ್ಲಿ ಎತ್ತಿ ಹಾಕಬೇಕಾಯಿತು, ಬಕೀಟಿನಿಂದ ಜಾರುತ್ತಿದ್ದವು.

"ಯಾ ಅಲ್ಲಾ, ಅದನ್ನ ನನಗ ತೋರಿಸಬ್ಯಾಡ್ರಿ" ಎಂದು ಗೆಳತಿ ಮುಖ ತಿರುಗಿಸಿಕೊಂಡಳು. ನಾನು ತಿರುಗಿಸಲಿಲ್ಲ. ಧೈರ್ಯದಿಂದಲ್ಲ. ಕಣ್ಣು ತೆಗೆದರೆ ಮೊಟ್ಟೆ ಎಲ್ಲಿ ಬೀಳುತ್ತದೆಂದು ಗೊತ್ತಾಗುತ್ತಿರಲಿಲ್ಲ. ಶುಕ್ರವಾರವೂ ಹೀಗೆಯೇ ನೋಡಬೇಕಿತ್ತು ಎನ್ನುವುದು ಆಗ, ಮೊಣಕಾಲವರೆಗೆ ಆ ಕೆಸರಲ್ಲಿ ನಿಂತು ಬಗ್ಗಿದ್ದಾಗ, ಹೊಳೆಯಿತು.

ಉಳಿದದ್ದು ಊಟ. ಸೊಪ್ಪಿಲ್ಲ, ಉಳಿದ ಪಾತಿಗಳಿಗೂ ಕಾಲುವೆಯ ನೀರೇ ಹನಿದಿತ್ತು. ಮರದ ಮೇಲೆ ಎತ್ತರದಲ್ಲಿ ಪಪ್ಪಾಯಿ ಕಾಯಿಗಳಿದ್ದವು, ಕುಂಡದ ಕರಿಬೇವು ಇತ್ತು, ನಿಂಬೆ ಇತ್ತು. ಒಂದೂ ಮೂರನೆಯ ಪಾತಿಯದಲ್ಲ. ಗುರುವಾರ ಬೆಳಿಗ್ಗೆ ಐದು ಕಾಯಿ ಕೊಯ್ದು, ಹಾಲು ಸೋರಲು ಬಿಟ್ಟು, ತೊಳೆದು, ಸಣ್ಣಗೆ ಹೆಚ್ಚಿ, ಸಾಸಿವೆ ಕರಿಬೇವಿನ ಒಗ್ಗರಣೆಗೆ ಹಾಕಿ ಕಾಯಿತುರಿ ಬೆರೆಸಿದೆ. ಖಾರವಿಲ್ಲ. ಜೊತೆಗೆ ಅನ್ನ, ನಿಂಬೆ ಪಾನಕ.

ಆ ಮರಗಳ ಪಪ್ಪಾಯಿಯನ್ನು ನಾನು ಅಲ್ಲಿಯವರೆಗೆ ಒಂದು ಹೋಳೂ ತಿಂದಿರಲಿಲ್ಲ. ಬುಡಕ್ಕೆ ಏನು ಹಾಕುತ್ತಾರೆಂದು ಗೊತ್ತಿತ್ತಲ್ಲ. ಯಾರಾದರೂ ಕೊಟ್ಟರೆ ಕೈಚೀಲಕ್ಕೆ ಹಾಕಿಕೊಂಡು ಬಸ್‌ಸ್ಟಾಪಿನ ಕಸದ ಡಬ್ಬಿಗೆ ಹಾಕುತ್ತಿದ್ದೆ. ಈಗ ಮಕ್ಕಳಿಗೆ ಬಡಿಸುವ ಮೊದಲು ಉಪ್ಪು ನೋಡಬೇಕಿತ್ತು. ಒಂದು ಚಮಚ ಬಾಯಿಗೆ ಹಾಕಿಕೊಂಡು, ಅಗಿಯದೆ ಸ್ವಲ್ಪ ಹೊತ್ತು ನಿಂತೆ. ಅಗಿದೆ. ರುಚಿಯಾಗಿತ್ತು. ಅದಕ್ಕೂ ಸಿಟ್ಟು ಬಂತು.

ಬರಿದಾದ ಪಾತಿಯನ್ನು ನೋಡಿ ಟೀಚರು ಏನಾಯಿತೆಂದು ಕೇಳಿದರು. ಮೇಲ್ವಿಚಾರಕಿ ಮುಚ್ಚಿಡದೆ, ಮಕ್ಕಳೆದುರೇ ಹೇಳಿಬಿಟ್ಟರು: ತಪ್ಪಿ ಮೂತ್ರ ಬಿತ್ತು, ಅದಕ್ಕೇ ಎಲ್ಲ ತೆಗೆದುಹಾಕಿದೆವು. ಇಪ್ಪತ್ತೆರಡು ಬಾಯಿಗಳು ಒಟ್ಟಿಗೆ "ಉಶ್!" ಎಂದವು. ಇಲ್ಲಿನವರು ಛೀ ಎನ್ನುವುದು ಹಾಗೆ. ನನ್ನ ಮಗಳದು ಎಲ್ಲರಿಗಿಂತ ಜೋರು. ಆಮೇಲೆ ಎಲ್ಲರೂ ಖಾಲಿ ಪಾತಿಯ ಸುತ್ತ ನಿಂತು, ಮೂಗು ಹಿಡಿದುಕೊಂಡು, ಪರಮಾನಂದದಿಂದ ನೋಡಿದರು. ಪಲ್ಯವನ್ನು ಅರ್ಧ ಮಕ್ಕಳು ತಿಂದರು, ಉಳಿದವರು ಅನ್ನಕ್ಕೆ ಸಕ್ಕರೆ ಹಾಕಿಸಿಕೊಂಡರು. ಯಾರೊಬ್ಬರಿಗೂ ಏನೂ ಆಗಲಿಲ್ಲ.

ಶುಕ್ರವಾರ ಮೇಲ್ವಿಚಾರಕಿ ಸರದಿ ಪಟ್ಟಿ ಹಿಡಿದು ಬಂದರು. ಯಜಮಾನರ ಭಾನುವಾರಗಳು ಮತ್ತೆ ತುಂಬಿದ್ದವು. ಬೇಸಿಗೆಯ ಮೂರು ತಿಂಗಳಿಗೆ ನನ್ನ ಹೆಸರೂ ಇತ್ತು. "ಒಂದು ವಿಷಯ" ಎಂದರು. "ಕ್ಯಾನಿನ ಕೆಲಸದಿಂದ ನಿನ್ನನ್ನ ಬಿಡಿಸಿದ್ದೀನಿ. ಬಲವಂತ ಮಾಡೋದು ಸರಿಯಲ್ಲ. ಬೇರೆಯವರಿಗೆ ಅದು ಏನೂ ಅನ್ನಿಸೋದೇ ಇಲ್ಲ."

ನಾನು ಪಟ್ಟಿ ನೋಡಿದೆ. ಏನೂ ಅನ್ನಿಸದವರು ಅದನ್ನು ಎಲ್ಲಿ ಬೇಕಾದರೂ ಇಡುತ್ತಾರೆ, ಯಾವ ಕೈಯಿಂದ ಬೇಕಾದರೂ ಎತ್ತುತ್ತಾರೆ, ಅದೇ ಕೈಯಲ್ಲಿ ಬನ್ನು ತಿನ್ನುತ್ತಾರೆ.

"ಅದನ್ನ ನನಗೇ ಕೊಡಿ. ಎಲ್ಲಾ ಶುಕ್ರವಾರಾನೂ" ಎಂದೆ.

"ಆದರೆ ನಿನಗೆ ಹೇಸಿಗೆ..."

"ಹೌದು. ಅದಕ್ಕೇ."

ಅವರು ಪೆನ್ನು ತೆಗೆದು ಬರೆದರು.

ಅಂದು ಪಪ್ಪಾಯಿಯ ಸರದಿ. ಮಾರ್ಚ್ ತಿಂಗಳಲ್ಲಿ ಮುಚ್ಚಿಟ್ಟಿದ್ದ ಮುಂದಿನ ಕ್ಯಾನ್ ಹೊರತಂದೆ. ಮೊದಲು ಕೆಂಪು ಬಣ್ಣದಲ್ಲಿ ಎರಡೂ ಕಡೆ ದೊಡ್ಡದಾಗಿ ಅದೇನೆಂದು ಬರೆದೆ, ಒಣಗಲು ಬಿಟ್ಟೆ. ಕೈಗವಸು ಹಾಕಿಕೊಂಡು ಮುಚ್ಚಳ ತಿರುಗಿಸಿದೆ. ಹಬೆ ನೇರ ಕಣ್ಣಿಗೆ ಬಂತು, ಕಣ್ಣು ಮುಚ್ಚಲಿಲ್ಲ. ಅಳತೆಯ ಗೆರೆಯವರೆಗೆ ಒಂದು ಲೀಟರ್ ಬಗ್ಗಿಸಿ, ಬಗ್ಗಿ ಗೆರೆಯನ್ನು ನೋಡಿ, ಹತ್ತು ಲೀಟರ್ ನೀರು ಎಣಿಸಿ ಹಾಕಿದೆ. ಮೂರು ಮರದ ಬುಡಕ್ಕೂ ಎಲೆಗೆ ಸಿಡಿಯದಂತೆ ಸುರಿದೆ. ಮುಚ್ಚಳ ಬಿಗಿ ಮಾಡಿ, ಕ್ಯಾನನ್ನು ಅದರ ಜಾಗದಲ್ಲಿಟ್ಟು, ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. ಎಲ್ಲವೂ ಸರಿಯಾಗಿತ್ತು.

ಆಮೇಲೆ ಹೊರಗೆ ಹೋಗಿ, ಗೋಡೆ ಹಿಡಿದುಕೊಂಡು ವಾಂತಿ ಮಾಡಿದೆ.